ಯಾರೂ ಕೈಯೆತ್ತದ ಸಭೆ

ಮೊನ್ನೆ ಮಂಗಳವಾರ ಕಲ್ಯಾಣ್ ಲೋಕಲ್‌ನಲ್ಲಿ ಯಾರೋ ಡಬ್ಬಿ ತೆರೆದರು. ಕೆಸುವಿನೆಲೆಯ ಪತ್ರೊಡೆಯ ವಾಸನೆ. ಡೊಂಬಿವಲಿಯಲ್ಲಿ ಇಳಿಯುವವರೆಗೂ ಮೇಲಿನ ಮನೆಯವಳದೇ ನೆನಪು...

ನಮ್ಮಿಬ್ಬರದು ಒಂದೇ ಬಿಲ್ಡಿಂಗ್, ನವಿ ಮುಂಬೈಯಲ್ಲಿ ಒಂದೇ ಲಾ ಕಾಲೇಜು. ಅವಳ ಮನೆಯಲ್ಲಿ ತುಳು, ನಮ್ಮಲ್ಲಿ ಧಾರವಾಡದ ಮಾತು. ದಿನಚರಿಯಲ್ಲಿ ನನ್ನ ಅಂಕಗಳ ಪಕ್ಕ ಅವಳವನ್ನೂ ಬರೆದಿಡುತ್ತಿದ್ದೆ. ಅವು ಯಾವಾಗಲೂ ಕಡಿಮೆಯೇ. ಆದರೂ ಸಮುದ್ರ ಕಾನೂನು ಕಲಿಸುತ್ತಿದ್ದ ಮೇಡಂಗೆ ಅವಳೆಂದರೆ ಅಕ್ಕರೆ.

ಓದಿನ ಕೊನೆಯ ವರ್ಷ, ಜುಲೈಯ ಕೊನೆಯ ಶನಿವಾರ ಕಾಲೇಜಿನಲ್ಲಿ ಅಣಕು ಸಮ್ಮೇಳನ ನಡೆಯಿತು. ಯಾವ ದೇಶಕ್ಕೂ ಸೇರದ ನಡುಗಡಲಿನಲ್ಲಿ ಆಮೆ, ತಿಮಿಂಗಿಲಗಳಿಗೊಂದು ರಕ್ಷಿತ ವಲಯ ಮಾಡಬೇಕು. ನಾವೆಲ್ಲ ಒಂದೊಂದು ದೇಶದ ಪ್ರತಿನಿಧಿಗಳು. ಒಪ್ಪಂದ ಮಾಡಿಸಿದವರನ್ನು ಮೇಡಂ ವಿದೇಶದ ನಿಜವಾದ ಸಮುದ್ರ ಸಮ್ಮೇಳನಕ್ಕೆ ಸಹಾಯಕರಾಗಿ ಕರೆದೊಯ್ಯುವವರಿದ್ದರು. ಒಂದೇ ಸ್ಥಾನ. ನನಗದು ಬೇಕೇ ಬೇಕಿತ್ತು.

ಒಬ್ಬೊಬ್ಬರನ್ನೇ ಒಲಿಸಿ ಬಹುಮತ ಮಾಡಿಕೊಂಡಿದ್ದೆ. ಅವಳೋ ಊಟದ ಹೊತ್ತಿಗೆ ಪತ್ರೊಡೆ ಡಬ್ಬಿ ಹಿಡಿದು, ಮೀನುಗಾರಿಕೆಗೆ ಅಡ್ಡಿಯೆಂದು ವಲಯ ಬೇಡವೆನ್ನುವವರ ನಡುವೆ ಕೂತಿದ್ದಳು.

"ಏನ್ಲೇ, ವಿರೋಧಿಗಳ ಜೋಡಿ ಊಟಾನ?" ಎಂದೆ.

"ಎಂತ ಮಾಡುದು ಮಾರಾಯ್ತಿ, ನಿನ್ನ ದೋಸ್ತರು ಹೇಗೂ ಹೂಂ ಹೇಳ್ತಾರೆ. ಊಹೂಂ ಹೇಳುವವರಿಗೆ ಹೊಟ್ಟೆಗೆ ಬೇಡ್ವಾ?"

ಮಧ್ಯಾಹ್ನ ಮತಕ್ಕೆ ಹಾಕಿ ಎಂದೆ. ಮೇಡಂ ಒಪ್ಪಲಿಲ್ಲ. ಸಭೆಯ ನಿಯಮ ಒಮ್ಮತ. ಒಂದು ದೇಶ ಬೇಡವೆಂದರೂ ಒಪ್ಪಂದವಿಲ್ಲ. ನಾನು ಎಣಿಸಿದ್ದ ಕೈಗಳೆಲ್ಲ ಮೇಜಿನ ಮೇಲೆಯೇ ಉಳಿದವು. ಆಗ ಅವಳು ಎದ್ದು, ಆಮೆಗಳು ದಾಟುವ ತಿಂಗಳುಗಳಲ್ಲಷ್ಟೇ ಬಲೆ ಬೀಸುವುದನ್ನು ನಿಲ್ಲಿಸಿದರೆ ಆದೀತೇ ಎಂದು ಕೇಳಿದಳು. ಊಟದ ಹೊತ್ತಿಗೆ ವಿರೋಧಿಗಳೇ ಅವಳಿಗೆ ಹೇಳಿದ್ದ ಮಾತು ಅದು. ಯಾರೂ ಬೇಡವೆನ್ನಲಿಲ್ಲ.

ಮನೆಗೆ ಮರಳುತ್ತ ಥಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ, "ಅಷ್ಟು ಜನರನ್ನು ನೀನು ಮೊದಲೇ ಒಪ್ಪಿಸದಿದ್ರೆ ನನ್ನ ಕೈಯಲ್ಲಿ ಆಗ್ತಿರ್ಲಿಲ್ಲ" ಎಂದಳು. ಅದು ಸಮಾಧಾನದ ಮಾತಾಗಿರಲಿಲ್ಲ, ನಿಜವಾಗಿತ್ತು. ಅದಕ್ಕೇ ಇನ್ನಷ್ಟು ಉರಿಯಿತು.

ಮೇಡಂ ಜೊತೆ ಅವಳೇ ಹೋದಳು, ಅಲ್ಲೇ ಒಪ್ಪಂದಗಳ ಕರಡು ಬರೆಯುವವರ ಜೊತೆ ಕೆಲಸ ಸಿಕ್ಕಿತು. ಅವಳ ಮನೆಯವರು ಫ್ಲ್ಯಾಟ್ ಮಾರಿದರು. ಮೊದಮೊದಲು ಮೆಸೇಜು ಬರುತ್ತಿತ್ತು. ನನ್ನ ಉತ್ತರ ಒಂದು ಹೆಬ್ಬೆರಳಿನ ಚಿತ್ರ. ಆಮೇಲೆ ಅದೂ ನಿಂತಿತು...

ಈಗ ನಡುಗಡಲಿನ ಜೀವಗಳ ನಿಜವಾದ ಒಪ್ಪಂದವೇ ಜಾರಿಗೆ ಬಂದಿದೆ. ಅದನ್ನು ಪೂರ್ತಿ ಓದಿದೆ. ಯಾವ ಕಲಮಿನಲ್ಲಿ ಅವಳ ಕೈ ಇರಬಹುದೆಂದು ಹುಡುಕಿದೆ. ಅಂಥ ಬರಹದಲ್ಲಿ ಬರೆದವರ ಹೆಸರಿರುವುದಿಲ್ಲ. ಹೊಟ್ಟೆಕಿಚ್ಚು ಇನ್ನೂ ಹಾಗೇ ಇದೆ. ನಿನ್ನೆ ಸಂಜೆ, ಒಂದು ಕಲಮು ಸಡಿಲವಾಗಿದೆ ಎಂದು ಜಗಳ ತೆಗೆಯಲಿಕ್ಕಾದರೂ ಆಗಲಿ ಎಂದು ಅವಳಿಗೆ ಫೋನ್ ಮಾಡಿದೆ. ಆ ನಂಬರು ಈಗ ಬೇರೆ ಯಾರದೋ.