ಲೇತಿನ ಬಾಯಿಗೆ ಬೂಂದಿ

ಟೀ ಕುಡೀತಾ ಕೇಳಿ ಸಾರ್, ಪೀಣ್ಯದ ಫ್ಯಾಕ್ಟರಿಗೆ ಸಮಾಜವಾದ ತಂದವನೇ ನಾನು. ಸುಳ್ಳು ಕಣ್ರೀ, ನಾನು ಬರೀ ಲೇತಲ್ಲಿ ಕಬ್ಬಿಣ ಕಡೆಯೋ ಟರ್ನರ್. ಆಯುಧಪೂಜೆಗೆ ಅವರವರ ಮಿಷನ್ನಿಗೆ ಅವರವರೇ ಕುಂಕುಮ ಇಡೋದು ನಮ್ಮ ಪದ್ಧತಿ. ಆ ವರ್ಷ ಬಂದ ಆಟೋಮ್ಯಾಟಿಕ್ ಲೇತು ತಾನೇ ಓಡೋದು, ಅದಕ್ಕೆ ಆಳೇ ಬೇಕಿರಲಿಲ್ಲ. ಅದರಿಂದ ಹಬ್ಬ ಮುಗಿದ ಮೇಲೆ ನಾವು ನಾಲ್ವರು ಟರ್ನರುಗಳು ಮನೆಗೆ ಅಂತ ತೀರ್ಮಾನವಾಗಿತ್ತು. ಆದರೂ ಮ್ಯಾನೇಜರು, "ನೀನೇ ಇದಕ್ಕೆ ಪೂಜೆ ಮಾಡಪ್ಪ, ಮಾರ್ಕೆಟ್ಟಲ್ಲಿ ಉಳೀಬೇಕಂದ್ರೆ ಇದು ಬೇಕು" ಅಂದರು.

ಯೂನಿಯನ್ ಲೀಡರ್ ಎಗರಿದ: "ಸಮಾಜವಾದ ಬರಲಿ, ಮಿಷನ್ ನಮ್ಮದೇ ಆಗುತ್ತೆ!"

"ಅಲ್ಲೀವರೆಗೆ ನಾವು ಎಲ್ಲಿ ನಿಂತ್ಕೊಳ್ಳೋದು ಗುರು?" ಅಂದೆ.

ಇಬ್ಬರೂ ನನ್ನನ್ನ ಬಿಟ್ಟು ತಮ್ಮತಮ್ಮಲ್ಲೇ ಕಚ್ಚಾಡೋಕೆ ಶುರು ಮಾಡಿದರು. ನನಗೆ ಮೈ ಉರಿದುಹೋಯ್ತು. ಪ್ರಸಾದದ ಬೂಂದಿಯನ್ನೆಲ್ಲ ಲೇತಿನ ಬಾಯಿಗೆ ತುರುಕಿ, "ನಮ್ಮ ಅನ್ನ ತಿಂದಿದ್ದೀಯ, ಇದನ್ನೂ ತಿನ್ನು!" ಅಂದೆ.

"ಅಯ್ಯೋ, ಮಿಷನ್ನು!" ಅಂತ ಇಬ್ಬರೂ ಒಟ್ಟಿಗೇ ಚೀರಿದರು. ಅವರಿಬ್ಬರ ಮಾತು ಒಂದಾಗಿದ್ದು ಅದೊಂದೇ ಸಲ. ನನ್ನನ್ನು ಅವತ್ತೇ ಗೇಟಿನಾಚೆ ಹಾಕಿದರು. ಈ ಟೀ ದುಡ್ಡು ನೀವೇ ಕೊಟ್ಬಿಡಿ ಸಾರ್.