ಸೊಲ್ಲಿಗೆ ಬಿಟ್ಟ ಜಾಗ

ಹಳೆಯ ಮಿಕ್ಸರ್ ಬಿಸಿಯಾಗುವಾಗ ಒಂದು ವಾಸನೆ ಬರುತ್ತದೆ. ನಾನು ಹೇಳುತ್ತಿರುವುದು ಚಟ್ನಿ ಅರೆಯುವ ಮಿಕ್ಸಿಯ ಮಾತಲ್ಲ. ಮೈಕಿನಿಂದ ಬಂದ ದನಿಯನ್ನು ಹದ ಮಾಡಿ ಮುಂದಕ್ಕೆ ಕಳಿಸುವ, ಸಾಲು ಸಾಲು ಗುಂಡಿಗಳಿರುವ ಕಬ್ಬಿಣದ ಪೆಟ್ಟಿಗೆಯದು. ಅದರೊಳಗೆ ಕೂತ ಧೂಳು ಮೆಲ್ಲಗೆ ಸುಡುವ ವಾಸನೆ. ಈ ಬೆಳಿಗ್ಗೆ ಸ್ವಿಚ್ಚು ಹಾಕಿ ಹಟ್ಟಿಗೆ ಹೋಗಿ ಬರುವಷ್ಟರಲ್ಲಿ ಅದು ಕೋಣೆ ತುಂಬಿತ್ತು. ಬಾಗಿಲಲ್ಲೇ ನಿಂತುಬಿಟ್ಟೆ. ಎಷ್ಟೋ ತಿಂಗಳಿಂದ ಈ ವಾಸನೆ ಬಂದರೆ ನನ್ನ ಅಂಗೈ ಬೆವರುತ್ತದೆ. ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಿಮಗೆ ಪುರುಸೊತ್ತಿದ್ದರೆ ಬನ್ನಿ.

ನಮ್ಮದು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ. ಹೊಗೆಸೊಪ್ಪು, ರಾಗಿ, ಎರಡು ಹಸು. ಅದರ ಜೊತೆಗೆ ಒಂದು ಕಾಲದಲ್ಲಿ ನಾನು ಮೈಕ್ ಸೆಟ್ಟಿನವನಾಗಿದ್ದೆ. ಸುತ್ತಲ ಊರುಗಳಲ್ಲಿ ನಾಮಕರಣ, ಮದುವೆ, ತಿಥಿ ಯಾವುದಾದರೂ ಕೊಂಬಿನ ಸ್ಪೀಕರು ಮರಕ್ಕೆ ಕಟ್ಟುತ್ತಿದ್ದವನು ನಾನೇ. ಆಮೇಲೆ ಆಳೆತ್ತರದ ಡಿಜೆ ಡಬ್ಬಗಳು ಬಂದವು, ನನ್ನ ಸಾಮಾನು ಅಟ್ಟ ಸೇರಿತು. ನನ್ನ ಹೆಂಡತಿ ರಾಜಮ್ಮನಿಗೆ ಇದರಿಂದ ಬೇಸರವೇನೂ ಆಗಲಿಲ್ಲ. ಮರ ಹತ್ತಿ ಬೀಳುವುದು ತಪ್ಪಿತು ಎಂದಳು.

ಅವಳು ಸೋಬಾನೆ ಹಾಡುತ್ತಿದ್ದಳು. ಅರಿಸಿನದ ಶಾಸ್ತ್ರಕ್ಕೆ, ನೀರು ತರುವುದಕ್ಕೆ, ಧಾರೆಗೆ, ಒಂದೊಂದಕ್ಕೂ ಒಂದೊಂದು ಪದ ಅವಳಿಗೆ ಗೊತ್ತಿತ್ತು. ಸೋಬಾನೆಯನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬಳು ಮುಂದೆ ಒಂದು ಸಾಲು ಹೇಳುತ್ತಾಳೆ, ಮಿಕ್ಕವರು ಅದನ್ನು ಎತ್ತಿಕೊಂಡು ತಿರುಗಿ ಹೇಳುತ್ತಾರೆ. ಎತ್ತಿಕೊಳ್ಳುವುದಕ್ಕೆ ನಮ್ಮ ಕಡೆ ಸೊಲ್ಲು ಹಿಡಿಯುವುದು ಎನ್ನುತ್ತಾರೆ. ರಾಜಿ ಮುಂದೆ ಹೇಳಿದರೆ ಸೊಲ್ಲು ಹಿಡಿಯುವವಳು ನನ್ನ ಅಕ್ಕ. ಅಕ್ಕನನ್ನು ಕೊಟ್ಟಿರುವುದು ಅಂತರಸಂತೆಗೆ. ಅತ್ತಿಗೆ ನಾದಿನಿ ಇಬ್ಬರೂ ಒಂದು ಚಾಪೆಯ ಮೇಲೆ ಕೂತರೆ ಚಪ್ಪರದ ಗಂಡಸರೂ ಬೀಡಿ ಆರಿಸಿ ಕೇಳುತ್ತಿದ್ದರು.

ಇಬ್ಬರೂ ಒಟ್ಟಿಗೆ ಸಿಗುವುದೇ ಅಪರೂಪವಾಗಿತ್ತು. ಇಲ್ಲಿ ಬ್ಯಾರನ್ ಎಂಬ ಒಲೆಮನೆಯಲ್ಲಿ ಹೊಗೆಸೊಪ್ಪು ಬೇಯುವ ಕಾಲಕ್ಕೆ ಅಲ್ಲಿ ಹೊಲಕ್ಕೆ ಆನೆ ನುಗ್ಗದಂತೆ ಕಾಯುವ ಕಾಲ. ಹೀಗಿರುವಾಗ ಮೈಸೂರಿನ ಆರ್ಕೆಸ್ಟ್ರಾದ ಪರಿಚಯದವರೊಬ್ಬರು ಬೇರೆಯದು ಕೊಂಡು, ತಮ್ಮ ಹಳೆಯ ಡಿಜಿಟಲ್ ರೆಕಾರ್ಡರನ್ನು ನನಗೆ ಬಿಟ್ಟುಕೊಟ್ಟರು. ಎಂಟು ಟ್ರ್ಯಾಕಿನದು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತೇವಲ್ಲ, ರಾಗಿ ಒಂದು ದಿನ ಬಿತ್ತಿ ಅವರೆ ಸಾಲನ್ನು ಇನ್ನೊಂದು ದಿನ ಹಾಕಿದರೂ ಹೊಲ ಒಂದೇ, ಹಾಗೆ. ಇವತ್ತು ರಾಜಿ ಒಂದು ಸಾಲಿನಲ್ಲಿ ಹಾಡಿದರೆ, ಅಕ್ಕ ಬಂದಾಗ ಪಕ್ಕದ ಸಾಲಿನಲ್ಲಿ ಸೊಲ್ಲು ಹಿಡಿಯಬಹುದು. ಕೇಳುವವರಿಗೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತಂತೆ ಇರುತ್ತದೆ.

ಮೊದಲ ಸಲ ಮೈಕಿನ ವೈರನ್ನು ನೇರ ರೆಕಾರ್ಡರಿಗೆ ಚುಚ್ಚಿದೆ. ಬಂದ ದನಿ ಕೇಳಿ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಎಲ್ಲ ಅಕ್ಷರವೂ ಇತ್ತು, ಮೈ ಇರಲಿಲ್ಲ. ಸ್ಟೀಲ್ ಚೊಂಬಿನೊಳಗೆ ಬಾಯಿಟ್ಟು ಹಾಡಿದಂತೆ ಇತ್ತು.

"ಇವ್ಳ್ಯಾರು?" ಎಂದು ಕೇಳಿದಳು ರಾಜಿ. "ನಂಗಿಂತ ಸಣ್ಕಿದ್ದಾಳೆ."

ಆರ್ಕೆಸ್ಟ್ರಾದವರಿಗೆ ಫೋನು ಮಾಡಿದೆ. ಹಳೆಯ ಮಿಕ್ಸರು ಎಸೆದಿಲ್ಲ ತಾನೇ, ಮೊದಲು ಅದಕ್ಕೆ ಮೈಕು ಕೊಡಿ, ಅಲ್ಲಿಂದ ರೆಕಾರ್ಡರಿಗೆ ತನ್ನಿ ಎಂದರು. ಅಟ್ಟದಿಂದ ಅದನ್ನು ಇಳಿಸಿ, ಜೇಡರ ಬಲೆ ತೆಗೆದು ಜೋಡಿಸಿದೆ. ಒಂದು ವಿಚಾರ ಮಾತ್ರ ಕಲಿಯಲು ತಿಂಗಳು ಹಿಡಿಯಿತು. ಹಳೆಯ ಪೆಟ್ಟಿಗೆಗೆ ದನಿ ಸ್ವಲ್ಪ ಜಾಸ್ತಿಯಾದರೂ ಅದು ಸೈರಿಸಿಕೊಂಡು ದುಂಡಗೆ ಮಾಡುತ್ತದೆ. ಹೊಸ ಯಂತ್ರಕ್ಕೆ ಆ ಗುಣವಿಲ್ಲ; ಕೆಂಪು ದೀಪ ಒಮ್ಮೆ ಮಿನುಗಿದರೆ ದನಿ ಒಡೆದೇ ಹೋಯಿತು, ಮತ್ತೆ ಕೂಡಿಸಲು ಬರುವುದಿಲ್ಲ. ಆದ್ದರಿಂದ ಮಿಕ್ಸರಿನಲ್ಲಿ ಧಾರಾಳ, ರೆಕಾರ್ಡರಿನಲ್ಲಿ ಜಿಪುಣತನ. ಹೀಗೆ ಹದ ಮಾಡಿದ ಮೇಲೆ ರಾಜಿಯ ದನಿಗೆ ರಾಜಿಯ ಮೈ ಬಂತು.

ಕೋಣೆಯದೂ ಒಂದು ಪಾಲಿದೆ. ಹರಾಜಿಗೆ ಹೋಗಬೇಕಾದ ಹೊಗೆಸೊಪ್ಪಿನ ಬೇಲುಗಳನ್ನು ಸೂರಿನವರೆಗೆ ಪೇರಿಸಿದ ಕೋಣೆ ಅದು. ಗೋಡೆಗೆ ಬಡಿದು ತಿರುಗಿ ಬರುವ ದನಿಯನ್ನೆಲ್ಲ ಸೊಪ್ಪು ನುಂಗಿಬಿಡುತ್ತಿತ್ತು. ನಾನು ಅದನ್ನು ಸ್ಟುಡಿಯೋ ಎಂದು ಕರೆದೆ. ಅವಳು ಮಾತ್ರ ನೆಂಟರು ಬಂದರೆ ನಮ್ಮನೆಯವರು ಸೊಪ್ಪಿನ ಸಂದೀಲಿ ಅವ್ರೆ ಎಂದೇ ಹೇಳುತ್ತಿದ್ದಳು. ಪ್ಲೇ ಗುಂಡಿಯ ಮಗ್ಗುಲಲ್ಲೇ ರೆಕಾರ್ಡ್ ಗುಂಡಿ ಇದ್ದುದರಿಂದ ನಾನು ತಪ್ಪಿ ಒತ್ತುತ್ತೇನೆಂದು, ತನ್ನ ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು ಪ್ಲೇ ಗುಂಡಿಗೆ ಅಂಟಿಸಿದಳು. ಅದು ಈಗಲೂ ಅಲ್ಲೇ ಇದೆ. ಬಣ್ಣ ಮಾಸಿದೆ.

ದೀಪಾವಳಿ ಕಳೆದ ಮೇಲೆ ಅರಿಸಿನದ ಪದ ಹಾಡಿಸೋಣವೆಂದು ಕೂರಿಸಿದೆ. ಕಿವಿಗೆ ಹೆಡ್‌ಫೋನು, ಬಾಯಿಗೆ ಮೈಕು. ಎರಡು ಸಾಲು ಹೇಳಿ ನಿಂತಳು.

"ಯಾಕೆ?" ಎಂದೆ.

"ಎದ್ರುಗೆ ಯಾರೂ ಇಲ್ದೆ ಎಂಗೆ ಬತ್ತದೆ? ಕೊಟ್ಟಿದ್ದ ಈಸ್ಕೊಳೋರು ಬೇಡ್ವಾ? ನೀವೇ ನಿಂತ್ಕಳಿ, ಸೊಲ್ಲು ಹಿಡೀರಿ."

ನಾನು ಹಾಡಿದರೆ ಮೈಕಿಗೆ ನನ್ನ ದನಿಯೂ ಸೇರುತ್ತದೆ, ಆಮೇಲೆ ಅಕ್ಕನದು ಕೂರುವುದಿಲ್ಲ ಎಂದೆ. ಹಾಗಾದರೆ ಬಾಯಿ ಮಾತ್ರ ಆಡಿಸಿ ಎಂದಳು. ಆ ದಿನ ನಾನು ಬೇಲುಗಳ ನಡುವೆ ಅವಳ ಎದುರು ನಿಂತು, ಸದ್ದಿಲ್ಲದೆ, ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿ ಸೊಲ್ಲು ಹಿಡಿದೆ. ಅವಳು ಒಂದು ಸಾಲು ಹೇಳುವುದು, ನನ್ನ ತುಟಿ ನೋಡುತ್ತ ಕಾಯುವುದು, ಮತ್ತೆ ಮುಂದಿನ ಸಾಲು. ಕೊನೆಗೆ ನಗು ತಡೆಯಲಾಗಲಿಲ್ಲ. ಆ ನಗುವಿನ ತುದಿಯೂ ರೆಕಾರ್ಡಾಗಿದೆ.

ಸಂಕ್ರಾಂತಿಗೆ ಅಕ್ಕ ಬರುವವಳಿದ್ದಳು. ಅದಕ್ಕೆ ಮುಂಚೆಯೇ, ಮಾರ್ಗಶಿರದ ಒಂದು ಬೆಳಿಗ್ಗೆ, ಎದೆ ಹಿಡಿದುಕೊಂಡಿದೆ ಎಂದ ರಾಜಿ ಹುಣಸೂರಿನ ಆಸ್ಪತ್ರೆ ಮುಟ್ಟಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಅವಳ ಬೇರೆ ಪದಗಳನ್ನು ನಾವು ಯಂತ್ರ ಕಲಿಯಲು ಬಳಸಿಕೊಂಡು ಒಂದರ ಮೇಲೊಂದು ಬರೆದು ಅಳಿಸಿದ್ದೆವು. ಉಳಿದದ್ದು ಇದೊಂದೇ, ಮೊದಲ ಟ್ರ್ಯಾಕಿನಲ್ಲಿ. ಯಂತ್ರಕ್ಕೂ ವಯಸ್ಸಾಗಿದೆ. ಒಂದೊಂದು ದಿನ ಅದರ ಪರದೆಯ ಮೇಲೆ ಬರೀ ಗೀಟುಗಳು ಬರುತ್ತವೆ, ಆಗ ಆರಿಸಿ, ಕೈಮುಗಿದು, ಮತ್ತೆ ಹಚ್ಚುತ್ತೇನೆ. ಅದರ ಹಳೇ ಬಗೆಯ ಕಾರ್ಡನ್ನು ಓದುವ ಸಾಧನ ಹುಣಸೂರಿನಲ್ಲಿ ಸಿಗಲಿಲ್ಲ. ಮೈಸೂರಿನ ಅಂಗಡಿಯವನು ಬಿಟ್ಟು ಹೋಗಿ, ನೋಡೋಣ ಎಂದ. ಬಿಟ್ಟು ಹೋಗಲು ಆಗಲಿಲ್ಲ. ಮಗುವನ್ನು ಹೊತ್ತುಕೊಂಡಂತೆ ಟವಲಿನಲ್ಲಿ ಸುತ್ತಿ ಅದೇ ಬಸ್ಸಿನಲ್ಲಿ ವಾಪಸು ತಂದೆ. ಟೇಪಿಗೆ ಇಳಿಸೋಣವೆಂದರೆ ಡೆಕ್ಕಿನ ರಬ್ಬರ್ ಬೆಲ್ಟು ಕರಗಿ ಅಂಟಾಗಿತ್ತು. ಸ್ಪೀಕರಿನ ಮುಂದೆ ಫೋನು ಹಿಡಿದು ಒಂದು ನಕಲು ಮಾಡಿಕೊಂಡಿದ್ದೇನೆ. ಅದರಲ್ಲಿ ಸಿಕ್ಕಿರುವುದು ರಾಜಿಯ ಸುದ್ದಿ, ರಾಜಿ ಅಲ್ಲ.

ಮಗಳು ಪವಿತ್ರಳ ಮದುವೆ ಈಗ ಗೊತ್ತಾಗಿದೆ. ತಾಯಿ ತೀರಿಕೊಂಡ ವರ್ಷ ತುಂಬುವುದರೊಳಗೆ ಮಾಡಬೇಕು, ಇಲ್ಲದಿದ್ದರೆ ತಡೆಯಬೇಕಾಗುತ್ತದೆ ಎಂದು ಹಿರಿಯರು ಅಂದರು. ಗಂಡು ಪಿರಿಯಾಪಟ್ಟಣದ ಕಡೆಯವನು. ಮಗಳು ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ.

"ಅಪ್ಪಾಜಿ, ಅರಿಸಿನ ಹಚ್ಚೋವಾಗ ಅಮ್ಮನ ಪದ ಬೇಕು," ಎಂದಳು. "ಫೋನಿನಲ್ಲಿರೋದಲ್ಲ. ಅತ್ತೆ ಜೊತೇಲಿ ಸೊಲ್ಲು ಸೇರಿಸಿ ಪೂರ್ತಿ ಮಾಡ್ಕೊಡಿ."

ಆಗಲಿ ಎಂದೆ. ಅಂದಿನಿಂದ ನಿದ್ದೆ ಸರಿಯಿಲ್ಲ. ಅಕ್ಕನ ದನಿಯನ್ನು ಎರಡನೇ ಟ್ರ್ಯಾಕಿಗೆ ಹಾಕಬೇಕಾದರೆ ರೆಕಾರ್ಡ್ ಗುಂಡಿ ಒತ್ತಲೇಬೇಕು. ಒತ್ತುವ ಮುಂಚೆ ಯಾವ ಟ್ರ್ಯಾಕೆಂದು ಯಂತ್ರಕ್ಕೆ ಹೇಳಬೇಕು. ಬೆರಳು ಒಂದು ಮನೆ ಆಚೀಚೆ ಆದರೆ ರಾಜಿಯ ಮೇಲೆ ಅಕ್ಕ ಕೂರುತ್ತಾಳೆ, ರಾಜಿ ಇರುವುದಿಲ್ಲ. ಇನ್ನೊಂದು ಹೆದರಿಕೆ ಮನೆಯೊಳಗಿನದಲ್ಲ. ಸತ್ತವಳ ದನಿಯನ್ನು ಅರಿಸಿನದ ಹಸೆಯ ಮುಂದೆ ಹಾಕಬಹುದೇ? ಬೀಗರು ಏನೆಂದಾರು?

ಅಕ್ಕ ನಿನ್ನೆ ಬಂದಳು. ಅಂತರಸಂತೆಯಿಂದ ತಾಲ್ಲೂಕು ಊರಾದ ಕೋಟೆಗೆ ಒಂದು ಬಸ್ಸು, ಅಲ್ಲಿಂದ ಹುಣಸೂರಿಗೆ ಒಂದು, ಆಮೇಲೆ ಆಟೋ. ಬಂದವಳು ಕಾಲು ತೊಳೆದು, ಕಾಫಿ ಕುಡಿದು, ಸೊಪ್ಪಿನ ಕೋಣೆಗೆ ಬಂದಳು. ಬೇಲುಗಳು ಈಗಿಲ್ಲ, ಅವು ಹರಾಜಿಗೆ ಹೋಗಿ ಎಷ್ಟೋ ದಿನವಾಯಿತು. ಖಾಲಿ ಕೋಣೆ ಗುಂಯ್ ಎನ್ನುತ್ತದೆಂದು ಗೋಡೆಗೆಲ್ಲ ಕಂಬಳಿ, ರಗ್ಗು, ಕೊನೆಗೆ ಹಸುವಿಗೆ ಹೊದಿಸುವ ಗೋಣಿಯನ್ನೂ ನೇತುಹಾಕಿದ್ದೆ.

"ಏನ್ಲಾ ಇದು, ಬಾಣ್ತಿ ಕ್ವಾಣೆ ಆಗದಲ್ಲೋ," ಎಂದು ಅಕ್ಕ ಕೂತಳು.

ಬೀಗರು ಏನಂದಾರೆಂದು ಮೊದಲು ಕೇಳಿದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಅವ್ಳು ಮುತ್ತೈದೆಯಾಗಿ ಓಗ್ಬುಟ್ಟೋಳು ಕಣ್ಲಾ. ಮದ್ವೆ ಮುಂಚೆ ಅವ್ಳ ಎಸ್ರಲ್ಲಿ ಎಡೆ ಇಕ್ಕಿ ಸೀರೆ ಮಡುಗ್ತೀವಿ ತಾನೆ? ಸೀರೆ ಮಡುಗ್ದೋರಿಗೆ ದನಿ ಮಡುಗಕ್ಕೆ ಏನ್ ದಾಡಿ? ಬೀಗ್ರು ಕೇಳುದ್ರೆ ನನ್ ತಾವ ಕಳ್ಸು."

ಒಂದು ಹೆದರಿಕೆ ಕಳೆಯಿತು. ಮೊದಲು ರೆಕಾರ್ಡ್ ಮಾಡದೆ ಅಭ್ಯಾಸ ಮಾಡೋಣವೆಂದು ಅಕ್ಕನಿಗೊಂದು ಹೆಡ್‌ಫೋನು ಕೊಟ್ಟು, ನಾನೊಂದು ಹಾಕಿಕೊಂಡು, ಬೊಟ್ಟಿನ ಗುಂಡಿ ಒತ್ತಿದೆ. ರಾಜಿ ಮೊದಲ ಸಾಲು ಹೇಳಿದಳು. ಸಾಲು ಮುಗಿಯುವ ಮುಂಚೆಯೇ, ಚಪ್ಪರದಲ್ಲಿ ಮಾಡುವ ಹಾಗೆ, ಅಕ್ಕ ಸೊಲ್ಲು ಹಿಡಿದಳು, ಮುಗಿಸಿದಳು. ರಾಜಿಯ ಮುಂದಿನ ಸಾಲು ಬರಲಿಲ್ಲ. ತಡವಾಗಿ, ತನ್ನ ಪಾಡಿಗೆ ಬಂತು. ಮತ್ತೆ ಹಾಗೆಯೇ, ಮತ್ತೆ ಹಾಗೆಯೇ.

ಅಕ್ಕ ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ಒಂದ್ ದಿನಾನೂ ಕಾದೋಳಲ್ಲ ಅವ್ಳು. ನಾನು ಉಸ್ರು ತಗೊಳಕ್ಕೂ ಬುಡ್ತಿರ್ನಿಲ್ಲ. ಇದ್ಯಾಕ್ಲಾ, ಇಷ್ಟೊತ್ತು ಕಾಯ್ತಾವ್ಳೆ?"

ನನಗೆ ಆಗ ಹೊಳೆಯಿತು. ಆ ಜಾಗ ಅಕ್ಕನಿಗೆ ಬಿಟ್ಟ ಜಾಗವಲ್ಲ. ರಾಜಿ ಕಾದದ್ದು ನನ್ನ ಬಾಯಿಗೆ. ಪದ ಸರಿಯಾಗಿ ಬಾರದ ಗಂಡಸು ಬಾಯಿ ತೆರೆದು ಮುಚ್ಚುವ ಅಷ್ಟು ನಿಧಾನಕ್ಕೆ ಅವಳು ಕಾದಿದ್ದಳು, ಎಲ್ಲ ಸಾಲಿಗೂ. ಅಕ್ಕನಿಗೆ ಇದನ್ನು ಹೇಳಿದೆ. ಹಾಗಾದರೆ ನನ್ನ ಮುಂದೆಯೂ ನಿಂತುಕೋ ಎಂದಳು. ನಿಂತೆ. ತುಟಿ ಆಡಿಸಿದೆ. ಅಕ್ಕ ನನ್ನ ತುಟಿ ನೋಡಿಕೊಂಡು ಹಾಡಿದಳು, ಅವಳ ಸೊಲ್ಲು ಮುಗಿದ ಕಡೆ ರಾಜಿಯ ಸಾಲು ಬಂದು ಕೂತಿತು. ಎರಡು ದನಿ ಒಂದು ಚಾಪೆಗೆ ಬಂದವು.

ಇನ್ನು ರೆಕಾರ್ಡ್ ಮಾಡುವುದಷ್ಟೇ. ಎರಡನೇ ಟ್ರ್ಯಾಕಿನ ಗುಂಡಿ ಒತ್ತಿದೆ. ಅದರ ಮೇಲಿನ ಕೆಂಪು ದೀಪ ಮಿಟುಕಲು ಶುರುವಾಯಿತು. ಎರಡನೆಯದೇ ತಾನೇ ಎಂದು ಬಗ್ಗಿ ನೋಡಿದೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಬೆರಳನ್ನು ರೆಕಾರ್ಡ್ ಗುಂಡಿಯ ಮೇಲಿಟ್ಟೆ. ಒತ್ತದೆ ತೆಗೆದು, ಇನ್ನೊಮ್ಮೆ ಬಗ್ಗಿ ದೀಪ ನೋಡಿ, ಮತ್ತೆ ಇಟ್ಟೆ. ಅಕ್ಕ ಎದ್ದು ಬಂದು ನನ್ನ ಕೈ ಹಿಡಿದು ಪಕ್ಕಕ್ಕೆ ಇಟ್ಟಳು.

"ಬುಡು ತಮ್ಮ. ಇದ್ರ ಒಳಿಕೆ ನನ್ನ ತುಂಬ್ಬೇಡ. ಅವ್ಳ ಪದ ಎಂಗೈತೋ ಅಂಗೇ ಇರ್ಲಿ. ಚಪ್ರದಾಗೆ ಅವ್ಳು ಒಂದ್ ಸಾಲು ಏಳ್ಲಿ, ನಾವು ಕೂತು ಎತ್ಕತೀವಿ. ಮಗೀಗೂ ಅದೇ ಚೆಂದ."

"ಕಾಯೋ ಹೊತ್ತು? ಹೆಂಗಸರು ಎಲ್ಲ ಮುಂಚೇನೇ ಮುಗಿಸ್ಬುಡ್ತಾರೆ."

"ನೀನು ನಿಂತ್ಕಾ ಎದ್ರುಗೆ. ಅವ್ಳು ನಿಲ್ಸಿದ್ ಜಾಗ್ದಲ್ಲೇ ನಿಂತ್ಕಾ. ಈ ಸರ್ತಿ ಬಾಯಲ್ಲಿ ದನಿ ಮಡುಗ್ಕಂಡು ನಿಂತ್ಕಾ."

ನಾನು ಸ್ವಿಚ್ಚು ಆರಿಸಿದೆ. ಕೆಂಪು ದೀಪ ಹೋಯಿತು. ಇಬ್ಬರೂ ಸೇರಿ ಕಂಬಳಿಗಳನ್ನು ಬಿಚ್ಚಿ ಮಡಿಸಿದೆವು.

ಈ ಬೆಳಿಗ್ಗೆ ಮಿಕ್ಸರ್ ಹಚ್ಚಿದ್ದು ಅದಕ್ಕೇ. ಹಳೆಯ ಆಂಪ್ಲಿಫೈಯರನ್ನೂ ಎರಡು ಮರದ ಸ್ಪೀಕರನ್ನೂ ಇಳಿಸಿ ಒರೆಸಿದ್ದೇನೆ. ಡಿಜೆಯವರ ಡಬ್ಬದಲ್ಲಿ ರಾಜಿಯನ್ನು ಹಾಡಿಸಲಾರೆ. ಅಂಗೈ ಇವತ್ತೂ ಬೆವರಿತು. ಹೆದರಿಕೆ ಹೋಗಿಲ್ಲ, ಬೇರೆ ಕಡೆಗೆ ತಿರುಗಿದೆ. ಇಷ್ಟು ದಿನ ಅವಳು ಅಳಿಸಿಹೋದಾಳು ಎಂದು ಹೆದರುತ್ತಿದ್ದೆ. ಈಗ, ಅವಳು ಜಾಗ ಬಿಟ್ಟು ಕಾಯುವಾಗ ನಾನು ತಪ್ಪಿದರೆ ಎಂದು ಹೆದರುತ್ತೇನೆ. ಯಂತ್ರ ನನಗೋಸ್ಕರ ನಿಲ್ಲುವುದಿಲ್ಲ. ಆ ದಿನ ಬೆಳಿಗ್ಗೆ ಪರದೆಯ ಮೇಲೆ ಬರೀ ಗೀಟುಗಳು ಬಂದರೆ ಆರಿಸಿ, ಕೈಮುಗಿದು, ಮತ್ತೆ ಹಚ್ಚುವುದಷ್ಟೇ. ಅದೇನಾದರೂ ಆಗಲಿ, ಪದವೆಲ್ಲ ನನ್ನ ಬಾಯಿಗೆ ಬರಬೇಕು.

ಹಾಲು ಕರೆಯುತ್ತ ಗುನುಗುತ್ತಿದ್ದೆನಂತೆ. ಹಸು ಕಿವಿ ನಿಗುರಿಸಿ ತಿರುಗಿ ನೋಡಿತು. ಅಡುಗೆಮನೆಯ ಕಿಟಕಿಯಿಂದ ಪವಿತ್ರ ಕೂಗಿ ಕೇಳಿದಳು:

"ಯಾರ ಜೊತೆ ಮಾತಾಡ್ತಿದ್ದೀರಿ ಅಪ್ಪಾಜಿ?"

"ನಿಮ್ಮವ್ವ ಒಂದು ಸಾಲು ಹೇಳಿ ನಿಲ್ಲಿಸಿದ್ದಾಳೆ ಕಣವ್ವ," ಎಂದೆ. "ಸೊಲ್ಲು ಹಿಡೀತಾ ಇದ್ದೀನಿ."