ಬೀಗರೂಟದಲ್ಲಿ ಹೇಳಿದ ಊರು

ಜಯಮ್ಮನವರೇ, ನಿಮ್ಮನ್ನು ಹಿಡಿದುಕೊಟ್ಟವನು ನಾನು. ಸಾವಿತ್ರಿ ಅಲ್ಲ — ನಾನು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲೂಕುಗಳಲ್ಲಿ ಹೆಂಗಸು ಎಂದೋ ಬಸುರಿ ಎಂದೋ ಯಾರನ್ನೂ ಕೆಲಸದಿಂದ ತಳ್ಳದಂತೆ ನೋಡಿಕೊಳ್ಳಬೇಕಾಗಿದ್ದ ಕಾರ್ಮಿಕ ಅಧಿಕಾರಿ.

ಬೆಳ್ಳೂರು ಕ್ರಾಸ್ ಹತ್ತಿರದ ಗಾರ್ಮೆಂಟ್ಸಿನವರು ಬಸುರಿ ಸಾವಿತ್ರಿಯನ್ನು ಆಚೆ ಹಾಕಿದಾಗ ಅವಳಿಗಾಗಿ ದೂರು ಕೊಡಲು ನನ್ನ ಮುಂದೆ ಬಂದು ನಿಂತವರು ನೀವು. ಪಕ್ಕದ ಮಷೀನಿನಲ್ಲಿ ಹೊಲಿಯುತ್ತಿದ್ದ ಗೆಳತಿ, ಅಷ್ಟೇ. "ನನ್ನೆಸ್ರು ಆಚೆ ಬರ್ದಂಗೆ ನೋಡ್ಕಳಿ ಸಾ, ಅವ್ರು ಒಳ್ಳೆ ಜನ ಅಲ್ಲ," ಅಂದಿರಿ. ನಾನು ದೊಡ್ಡ ಮನುಷ್ಯನಂತೆ ಧೈರ್ಯ ಹೇಳಿ ಕಳಿಸಿದೆ.

ಆ ಭಾನುವಾರ ನಾಗಮಂಗಲದಲ್ಲಿ ಬೀಗರೂಟ. ಮದುವೆ ಮುಗಿದ ಮೇಲಿನ ಆ ಬಾಡೂಟಕ್ಕೆ ಹೋಗದಿದ್ದರೆ ನಮ್ಮಲ್ಲಿ ನೆಂಟಸ್ತಿಕೆಯೇ ಹೋದಂತೆ. ಗಾರ್ಮೆಂಟ್ಸಿನ ಮಾಲೀಕ ನನ್ನ ಹೆಂಡತಿಯ ಕಡೆಯವನು — ಇದನ್ನು ನಿಮಗೆ ಹೇಳಿರಲಿಲ್ಲ. ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತ. ನನ್ನ ಎಲೆಗೆ ಇನ್ನೊಂದಿಷ್ಟು ಮಾಂಸ ಹಾಕಿಸಿದ.

"ಭಾವ, ಯಾರದು ನನ್ ಮ್ಯಾಲೆ ದೂರು ಕೊಟ್ಟಿರೋದು?"

"ಎಸ್ರು ಯೋಳಂಗಿಲ್ಲ ಕಣ್ಲಾ."

"ಎಸ್ರು ಯಾಕೆ ಬುಡಿ, ಯಾವೂರೋರು ಅಂತ ಯೋಳಿ ಸಾಕು."

ನಮ್ಮ ಕಡೆ ಯಾರೇ ಸಿಕ್ಕರೂ ಮೊದಲು ಕೇಳುವುದು ಊರು. ಉತ್ತರ ಕೊಡುವುದು ಬಾಯಿಗೆ ರೂಢಿ — ಇಲ್ಲ, ರೂಢಿಯ ಮಾತು ಬೇಡ. ಬಿಂಡಿಗನವಿಲೆಯಿಂದ ಅಲ್ಲಿಗೆ ಕೆಲಸಕ್ಕೆ ಬರುವವರು ನೀವೊಬ್ಬರೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಿದೆ. ಹೇಳಿ, ಮೂಳೆ ಚೀಪಿದೆ.

ಮರುದಿನ ಬಸ್ಸಿಳಿದ ನಿಮ್ಮನ್ನು ಅವನ ಆಳುಗಳು ಬೇಲಿಯ ಹಿಂದಕ್ಕೆ ಎಳೆದೊಯ್ದರು. ಬಾಯಿಗೆ ಸೆರಗು ತುರುಕಿದರು. ಬಲಗೈಯನ್ನು ಕಲ್ಲಿನ ಮೇಲೆ ಒತ್ತಿ ಹಿಡಿದು, ಬೆರಳುಗಳ ಮೂಳೆ ಪುಡಿಯಾಗುವವರೆಗೂ ಕಬ್ಬಿಣದ ರಾಡಿನಲ್ಲಿ ಜಜ್ಜಿದರು. ದೂರು ತಣ್ಣಗಾಗಲೆಂದು ಅದೇ ವಾರ ಮಾಲೀಕ ಸಾವಿತ್ರಿಯನ್ನು ಕೆಲಸಕ್ಕೆ ವಾಪಸು ಕರೆದ. ಜನ ತೀರ್ಮಾನ ಮಾಡಿಯೇಬಿಟ್ಟರು — ಕೆಲಸದಾಸೆಗೆ ಗೆಳತಿಯ ಹೆಸರನ್ನೇ ಬಿಟ್ಟುಕೊಟ್ಟಳು ಎಂದು. ನೀವೂ ನಂಬಿದಿರಿ.

ನಿಮ್ಮನ್ನು ವಿಚಾರಿಸಲು ನಾನು ಆಸ್ಪತ್ರೆಗೆ ಬಂದಿದ್ದಾಗಲೇ ಸಾವಿತ್ರಿಯೂ ಬಂದಳು. ನಿಮ್ಮ ತಮ್ಮ ಅವಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಬಡಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅವಳ ಎರಡೂ ಕೈ ಹೊಟ್ಟೆಯ ಮೇಲಿದ್ದವು — ತಲೆ ಕಾಪಾಡಿಕೊಳ್ಳಲು ಕೈಯೇ ಉಳಿದಿರಲಿಲ್ಲ. "ಸಾ, ನೀವಾದ್ರೂ ಯೋಳಿ ಸಾ, ನಾನಲ್ಲ ಅಂತ!" ಎಂದು ನನ್ನ ಕಡೆ ತಿರುಗಿ ಕೂಗಿದಳು.

"ವಿಚಾರಣೆ ಆಗ್ತದೆ ಕಣಮ್ಮ," ಅಂದೆ. ಅಷ್ಟೇ ಅಂದೆ. ನೀವು ಮಂಚದ ಮೇಲಿಂದಲೇ ಅವಳ ಮುಖಕ್ಕೆ ಉಗಿದಿರಿ. ಅದು ನನ್ನ ಮುಖದ ಮೇಲೆ ಬೀಳಬೇಕಾಗಿತ್ತು.

ಈಗ ನಿವೃತ್ತನಾಗಿದ್ದೇನೆ. ಕುರ್ಚಿ ಹೋಗುವ ಭಯ ಮುಗಿದ ಮೇಲೆ ಬಂದ ಧೈರ್ಯ — ಥೂ, ಇದೂ ಒಂದು ಧೈರ್ಯವೇ? ನಿನ್ನೆ ಠಾಣೆಯಲ್ಲಿ ಹೇಳಿಕೆ ಕೊಟ್ಟೆ. ಕೋರ್ಟಿಗೆ ಕರೆದರೆ ಅಲ್ಲೂ ಇದನ್ನೇ ಹೇಳುತ್ತೇನೆ. ಅಲ್ಲಿಂದ ಸಾವಿತ್ರಿಯ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ, ಅಳಲಿಲ್ಲ.

"ನಂಗ್ಯಾಕ್ ಯೋಳ್ತೀರಿ?" ಅಂದಳು. "ನಾನಲ್ಲ ಅಂತ ನಂಗ್ ಗೊತ್ತಿರ್ನಿಲ್ವಾ?"